ಸ್ತನ ಕ್ಯಾನ್ಸರ್ ಚಿಕಿತ್ಸೆಯೂ ದೇಹಶ್ರಮವೂ

ಕಾಯಿಲೆ ಬಿದ್ದವರು ಹಾಸಿಗೆಯಲ್ಲಿರಬೇಕೆಂಬುದನ್ನು ನಮ್ಮಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಜ್ವರ ಬಂದ ಮಗುವನ್ನು ಮಲಗಿಸುತ್ತೇವೆ. ಬಾಣಂತಿಯನ್ನು ಕೋಣೆಯೊಳಗೆ ಬೆಚ್ಚಗೆ ಇರಿಸುತ್ತೇವೆ. ಸಾಮಾನ್ಯ ಕಾಯಿಲೆಗಳಿಗೇ ಹೀಗಿರುವಾಗ, ಹೆಸರು ಹೇಳಲೂ ಜನ ಅಂಜುವ ಕ್ಯಾನ್ಸರಿನಂಥ ರೋಗ ಬಂದವರಿಗೆ 'ಎದ್ದು ನಡೆಯಿರಿ, ತೋಳು ಎತ್ತಿರಿ, ಬೆವರು ಬರುವಂತೆ ಕೆಲಸ ಮಾಡಿರಿ' ಎಂದರೆ ಅದು ಕ್ರೂರವಾದ ಮಾತಾಗಿ ಕೇಳಿಸುವುದು ಸಹಜವೇ ಸರಿ. ಆದರೆ ಈಚಿನ ನಾಲ್ಕು ದಶಕಗಳ ವೈದ್ಯಶಾಸ್ತ್ರ, ವಿಶೇಷವಾಗಿ ಸ್ತನ ಕ್ಯಾನ್ಸರಿನ ವಿಷಯದಲ್ಲಿ, ಹೇಳುತ್ತಿರುವುದು ಇದನ್ನೇ. ಈ ಮಾತು ಹೇಗೆ ಬಂತು, ಎಷ್ಟರಮಟ್ಟಿಗೆ ನಿಜ, ನಮ್ಮ ಹಳ್ಳಿಯ ಮನೆಗಳಿಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ತಿಳಿದಮಟ್ಟಿಗೆ ನಿವೇದಿಸುವುದು ಈ ಲೇಖನದ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಇತಿಹಾಸ, ಸಮಾಜಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುತ್ತಿರುವವಳು. ಈ ವಿಷಯಕ್ಕೆ ನಾನು ಕೈಹಾಕಿದ್ದಕ್ಕೆ ಕಾರಣವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ನಾನು ಎರಡನೆಯ ವರ್ಷದ ಬಿ.ಎ. ತರಗತಿಯಲ್ಲಿದ್ದಾಗ ನಮ್ಮ ಅವ್ವನಿಗೆ ಎಡ ಸ್ತನದ ಶಸ್ತ್ರಚಿಕಿತ್ಸೆಯಾಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಮನೆಗೆ ಕಳುಹಿಸುವಾಗ ಆಸ್ಪತ್ರೆಯವರು ಕೊಟ್ಟ ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದುವು. ನಮ್ಮ ಮನೆಯಲ್ಲಿ ಅವನ್ನು ಓದಬಲ್ಲವಳು ನಾನೊಬ್ಬಳೇ. ಅಪ್ಪ ನಾಲ್ಕನೆಯ ಇಯತ್ತೆ, ಅವ್ವ ಅದೂ ಇಲ್ಲ. ಮಾತ್ರೆಗಳ ಹಾಳೆಯನ್ನು ನಾನು ಎಚ್ಚರದಿಂದ ಓದಿ, ಹೊತ್ತು ಹೊತ್ತಿಗೆ ಕೊಟ್ಟೆ. ಕೊನೆಯ ಹಾಳೆಯಲ್ಲಿ ಒಂಬತ್ತು ಸಾಲುಗಳಲ್ಲಿ ಕೈಯ ವ್ಯಾಯಾಮಗಳನ್ನು ಬರೆದಿದ್ದರು. ಇದು ಆಸ್ಪತ್ರೆಯವರ ಉಪಚಾರ, ಔಷಧವಲ್ಲವಲ್ಲ ಎಂದುಕೊಂಡು ಅದನ್ನು ಮಡಿಸಿ ಟ್ರಂಕಿನಲ್ಲಿಟ್ಟೆ. "ಕಾಗ್ದದಾಗೆ ಇನ್ನೇನೈತೆ ಮಗಾ?" ಎಂದು ಅವ್ವ ಕೇಳಿದ್ದಳು. "ಏನಿಲ್ಲ ಕಣವ್ವ, ಮಲಕ್ಕೊ" ಎಂದಿದ್ದೆ.

ಅಜ್ಜಿಯದು ಒಂದೇ ಉಪದೇಶ: "ಕೈ ಅಳ್ಳಾಡುಸ್ಬ್ಯಾಡ ಕಣಮ್ಮಿ, ಹೊಲ್ಗೆ ಬಿಟ್ಕಂಡಾತು." ಹೀಗಾಗಿ ಅವ್ವನ ಎಡಗೈ ಸೆರಗಿನೊಳಗೆ, ಎದೆಗೆ ಆತುಕೊಂಡು ಉಳಿಯಿತು. ಲೋಟ ಎತ್ತಿದರೂ ನಾನು ಓಡಿಹೋಗಿ ಕಸಿದುಕೊಳ್ಳುತ್ತಿದ್ದೆ. ಕಿಮೋಥೆರಪಿ ಆರಂಭವಾದ ಮೇಲೆ ಸುಸ್ತು ಬೇರೆ, ಮಂಚವೇ ಗತಿಯಾಯಿತು. ತಿಂಗಳುಗಳು ಕಳೆದು, ಜನ ಬಾಯಿಮಾತಿನಲ್ಲಿ 'ಕರೆಂಟು ಕೊಡುವುದು' ಎನ್ನುವ ವಿಕಿರಣ ಚಿಕಿತ್ಸೆಯ ಸರದಿ ಬಂದಾಗ, ಅದಕ್ಕಾಗಿ ಕೈಯನ್ನು ತಲೆಯ ಮೇಲಕ್ಕೆತ್ತಿ ಅಲುಗದೆ ಮಲಗಿರಬೇಕೆಂಬುದು ನಮಗೆ ಗೊತ್ತಾಯಿತು. ಅವ್ವನ ತೋಳು ಭುಜದ ಮಟ್ಟಕ್ಕೂ ಏರಲಿಲ್ಲ. ಅಳತೆ ತೆಗೆಯುವುದನ್ನು ಮುಂದಕ್ಕೆ ಹಾಕಿ ನಮ್ಮನ್ನು ಫಿಸಿಯೋಥೆರಪಿಯ ಕೋಣೆಗೆ ಕಳುಹಿಸಿದರು. ಅಲ್ಲಿದ್ದ ಹೆಣ್ಣುಮಗಳು ಕೈ ಹಿಡಿದು ನೋಡಿ, "ಏನಮ್ಮಾ, ಮನೆಯವರೆಲ್ಲ ಸೇರಿ ಈ ಕೈಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಿರಾ?" ಎಂದರು. ಬೀಗದ ಕೈ ನನ್ನ ಟ್ರಂಕಿನಲ್ಲಿತ್ತು.

ಈ ಅಂಜಿಕೆ ನಮ್ಮ ಅಜ್ಜಿಯೊಬ್ಬಳದೇ ಅಲ್ಲ. ಬಹುಕಾಲ ವೈದ್ಯರದೂ ಆಗಿತ್ತು ಎಂಬುದು ಓದಿದಾಗ ತಿಳಿದ ಸಂಗತಿ. ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸ್ತನವನ್ನಲ್ಲದೆ ಅದರಡಿಯ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದುಹಾಕುತ್ತಿದ್ದರು. ಮುಕ್ಕಾಲು ಶತಮಾನದಷ್ಟು ಕಾಲ ಇದೇ ಪದ್ಧತಿ ಮೇಲುಗೈ ಪಡೆದಿತ್ತು. ಹೀಗೆ ಕೊರೆದ ಎದೆಯ ಹೆಂಗಸಿಗೆ ತೋಳು ಊದಿಕೊಳ್ಳುವುದು, ಸೆಟೆದುಕೊಳ್ಳುವುದು ಸಾಮಾನ್ಯ. 1952ರಲ್ಲಿ ಅಮೆರಿಕದಲ್ಲಿ ಇಂಥ ಶಸ್ತ್ರಚಿಕಿತ್ಸೆಗೆ ಒಳಗಾದ ಟೆರೀಸ್ ಲ್ಯಾಸರ್ ಎಂಬ ಮಹಿಳೆ, ಮುಂದೆ ಏನು ಮಾಡಬೇಕೆಂದು ಹೇಳುವವರೇ ಇಲ್ಲದುದನ್ನು ಕಂಡು, ತಾನೇ ರೋಗಿಗಳ ಬಳಿಗೆ ಹೋಗತೊಡಗಿದಳು. ಆಕೆ ಒಯ್ಯುತ್ತಿದ್ದ ಸಾಮಾನಿನಲ್ಲಿ ಒಂದು ರಬ್ಬರ್ ಚೆಂಡು, ಒಂದು ಹಗ್ಗ ಇದ್ದುವು: ಚೆಂಡು ಹಿಸುಕುವುದಕ್ಕೆ, ಹಗ್ಗ ತೋಳನ್ನು ಮೇಲಕ್ಕೆಳೆಯುವುದಕ್ಕೆ. ಕೆಲವು ವೈದ್ಯರಿಗೆ ಇದು ಹಿಡಿಸಲಿಲ್ಲವಂತೆ. ಪ್ರಯೋಗಶಾಲೆಗಳಿಗಿಂತ ಮೊದಲೇ ರೋಗಿಯೊಬ್ಬಳು ಹಗ್ಗ ಹಿಡಿದು ಹೊರಟಳೆಂಬುದು, ಇತಿಹಾಸದ ವಿದ್ಯಾರ್ಥಿನಿಯಾದ ನನಗೆ, ಈ ವಿಷಯದಲ್ಲಿ ಬಹಳ ಮೆಚ್ಚಿಕೆಯಾದ ಭಾಗ.

ತೋಳಿನ ಬಾವಿನ ಕಾರಣವನ್ನು ಸ್ವಲ್ಪ ವಿವರಿಸಬೇಕು. ನಮ್ಮ ದೇಹದಲ್ಲಿ ರಕ್ತನಾಳಗಳಲ್ಲದೆ ದುಗ್ಧರಸದ ನಾಳಗಳೂ ಇವೆ. ಮೈಯ ಕಣಗಳ ನಡುವೆ ಸೋರಿ ನಿಂತ ನೀರನ್ನು ಇವು ಎತ್ತಿಕೊಂಡು ಮತ್ತೆ ರಕ್ತಕ್ಕೆ ಸೇರಿಸುತ್ತವೆ. ರಕ್ತವನ್ನು ನೂಕುವುದಕ್ಕೆ ಹೃದಯವಿದೆ. ಈ ರಸಕ್ಕೆ ಅಂಥ ಹೃದಯವಿಲ್ಲ. ನಾಳದ ಗೋಡೆಗಳು ತಾವೇ ಸ್ವಲ್ಪ ಹಿಂಡಿಕೊಳ್ಳುತ್ತವೆ. ಉಳಿದದ್ದು ಸುತ್ತಲಿನ ಸ್ನಾಯುಗಳ ಹಿಸುಕುವಿಕೆಯಿಂದ, ಉಸಿರಾಟದಿಂದ ಆಗಬೇಕು. ಒಳಗಿನ ಕವಾಟಗಳು ರಸವನ್ನು ಹಿಂದಕ್ಕೆ ಬಿಡುವುದಿಲ್ಲ. ತೋಳಿನ ರಸವೆಲ್ಲ ಕಂಕುಳಿನ ಗ್ರಂಥಿಗಳ ಮೂಲಕ ಹಾಯತಕ್ಕದ್ದು. ಅವನ್ನು ತೆಗೆದಾಗ, ದಾರಿ ಕಡಿದ ಕಾಲುವೆಯ ನೀರಿನಂತೆ, ರಸ ಹಿಂದೆ ನಿಲ್ಲಬಹುದು. ಇಂಥ ತೋಳಿಗೆ ಭಾರ ಹಾಕಿದರೆ ಬಾವು ಹೆಚ್ಚುತ್ತದೆಂದು ಭಾವಿಸಿ, ಮಗುವನ್ನೂ ಎತ್ತಬೇಡಿ, ಚೀಲವನ್ನೂ ಹೊರಬೇಡಿ ಎಂದು ಆಜ್ಞೆ ಮಾಡುತ್ತಿದ್ದರು. ಆದರೆ ಸ್ನಾಯು ಆಡದಿದ್ದರೆ ರಸವನ್ನು ನೂಕುವವರು ಯಾರು? ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದವರು ಬಹಳ ತಡವಾಗಿ ಬಂದರು.

1996ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಡಾನ್ ಮೆಕೆಂಝಿ ಎಂಬ ಕ್ರೀಡಾವೈದ್ಯರು ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆದಿದ್ದ 24 ಮಂದಿ ಹೆಂಗಸರನ್ನು ಕೂಡಿಸಿ, ತರಬೇತಿ ಕೊಟ್ಟು, ಡ್ರ್ಯಾಗನ್ ಬೋಟ್ ಎಂಬ ಚೀನೀ ಮೂಲದ ಉದ್ದನೆಯ ದೋಣಿಯಲ್ಲಿ ಹುಟ್ಟು ಹಾಕಿಸಿದರು. ಹುಟ್ಟು ಹಾಕುವುದೆಂದರೆ ತೋಳು, ಭುಜ, ಎದೆಗಳಿಗೆ ಎಡೆಬಿಡದ ದುಡಿಮೆ; ನಿಷೇಧಿಸಿದ್ದ ಕೆಲಸವೇ ಅದು. ಆ ಋತು ಮುಗಿದಾಗ ಹೊಸದಾಗಿ ಯಾರಿಗೂ ಬಾವು ಬಂದಿರಲಿಲ್ಲ. 1998ರಲ್ಲಿ ಅವರು ಇದನ್ನು ಕೆನಡಾದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಪ್ಪತ್ತನಾಲ್ಕು ಜನರಿಂದ ಏನನ್ನೂ ಸಿದ್ಧಪಡಿಸಲಾಗದು ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ. ಅದಕ್ಕೆ ಉತ್ತರ ಅಮೆರಿಕದ ಕ್ಯಾಥ್ರಿನ್ ಶ್ಮಿಟ್ಸ್ ಅವರಿಂದ ಬಂತು. ಈಗಾಗಲೇ ತೋಳು ಊದಿದ್ದ 141 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆರಡು ಬಾರಿ ಭಾರ ಎತ್ತುವುದನ್ನು ಕಲಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎತ್ತಿದವರ ಬಾವು ಎತ್ತದವರದಕ್ಕಿಂತ ಹೆಚ್ಚಲಿಲ್ಲ. ಬಾವು ಉಲ್ಬಣಿಸಿದ್ದು ಎತ್ತಿದವರಲ್ಲಿ ನೂರಕ್ಕೆ 14, ಎತ್ತದವರಲ್ಲಿ ನೂರಕ್ಕೆ 29. ಮರುವರ್ಷ, ಬಾವು ಇಲ್ಲದ 154 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲವೂ ಪ್ರಕಟವಾಗಿ, ಭಾರ ಎತ್ತುವುದರಿಂದ ಬಾವು ಹುಟ್ಟುವುದಿಲ್ಲವೆಂದು ತೋರಿಸಿತು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಶ್ಮಿಟ್ಸ್ ಅವರ ಹೆಂಗಸರು ಮೊದಲ ದಿನವೇ ಕೊಡ ಹೊತ್ತವರಲ್ಲ. ಇಲ್ಲವೆನ್ನುವಷ್ಟು ಹಗುರದಿಂದ ಆರಂಭಿಸಿ, ಬಾವು ಹೆಚ್ಚಲಿಲ್ಲವೆಂದು ನೋಡಿಕೊಂಡು, ಅಷ್ಟಷ್ಟೇ ಏರಿಸಿದರು. ಮೊದಲ 13 ವಾರ ಕಲಿಸುವವರು ಜೊತೆಗಿದ್ದರು. ಬಾವಿದ್ದವರು ಬಿಗಿಯಾದ ತೋಳುಚೀಲ ತೊಟ್ಟಿರುತ್ತಿದ್ದರು.

ಇನ್ನು ಕಿಮೋಥೆರಪಿಯ ಕಾಲದ ಸುಸ್ತು. ಇದು ದುಡಿದ ಸುಸ್ತಿನಂತೆ ನಿದ್ದೆಯಿಂದ ಹೋಗತಕ್ಕದ್ದಲ್ಲ. ಮಲಗಿದಷ್ಟೂ ಸ್ನಾಯು ಕರಗುತ್ತದೆ. ಕರಗಿದಷ್ಟೂ ಸಣ್ಣ ಕೆಲಸವೂ ಭಾರವಾಗುತ್ತದೆ. ಭಾರವಾದಷ್ಟೂ ಮತ್ತೆ ಮಲಗಬೇಕೆನಿಸುತ್ತದೆ. ನಮ್ಮ ಅವ್ವ ಈ ಸುಳಿಯಲ್ಲಿ ಸಿಕ್ಕಿಕೊಂಡುದನ್ನು ನಾನು ದಿನವೂ ನೋಡಿದೆ, ಅರ್ಥವಾಗಲಿಲ್ಲ, ಅಷ್ಟೆ. ಈ ಸುಳಿಯನ್ನು ಮುರಿಯಲು ಯತ್ನಿಸಿದವರಲ್ಲಿ ಮೊದಲಿಗರೆಂದರೆ 1980ರ ದಶಕದಲ್ಲಿ ಅಮೆರಿಕದ ಮೇರಿಲ್ ವಿನ್ನಿಂಗ್‌ಹ್ಯಾಮ್ ಮತ್ತು ಮೇರಿ ಮ್ಯಾಕ್‌ವಿಕಾರ್ ಎಂಬ ದಾದಿಶಾಸ್ತ್ರದ ಸಂಶೋಧಕಿಯರು. ಔಷಧಿ ಪಡೆಯುತ್ತಿರುವಾಗಲೇ ರೋಗಿಗಳನ್ನು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಕೂರಿಸಿದರು; ಅವರ ವಾಕರಿಕೆ ಕಡಿಮೆಯಾಯಿತೆಂದು 1988ರಲ್ಲಿ ವರದಿ ಮಾಡಿದರು. ಕೆನಡಾದ ಕೆರಿ ಕೋರ್ನೆಯ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪರೀಕ್ಷೆ ಇನ್ನೂ ದೊಡ್ಡದು: ಕಿಮೋಥೆರಪಿಯಲ್ಲಿದ್ದ 242 ಮಂದಿಯಲ್ಲಿ ಕೆಲವರು ನಡಿಗೆ-ಸೈಕಲ್ಲಿನಂಥ ವ್ಯಾಯಾಮ, ಕೆಲವರು ಭಾರದ ವ್ಯಾಯಾಮ ಮಾಡಿದರು, ಕೆಲವರು ಎಂದಿನಂತೆ ಇದ್ದರು. ಭಾರ ಎತ್ತಿದವರು ನಿಗದಿಯಾದ ಔಷಧಿಯ ಪ್ರಮಾಣವನ್ನು ಉಳಿದವರಿಗಿಂತ ಪೂರ್ಣವಾಗಿ ಪಡೆಯಬಲ್ಲವರಾದರು. ಜೀವನದ ಒಟ್ಟು ಸುಖದ ಅಳತೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಔಷಧಿಯ ಪ್ರಮಾಣದ ವಿಷಯದಲ್ಲೂ ಆಮೇಲಿನ ಪರೀಕ್ಷೆಗಳೆಲ್ಲ ಇದೇ ಫಲ ಕೊಟ್ಟಿಲ್ಲ. ವ್ಯಾಯಾಮವೇ ಔಷಧಿಯೆಂದು ಕೂಗುವವರು ಇದನ್ನು ಗಮನಿಸಬೇಕು. ಔಷಧಿಯ ಜಾಗದಲ್ಲಿ ವ್ಯಾಯಾಮವಿಟ್ಟರೆ ಅನಾಹುತವೇ. ಆದರೂ 2022ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ, ಗುಣಪಡಿಸುವ ಉದ್ದೇಶದ ಚಿಕಿತ್ಸೆ ನಡೆಯುತ್ತಿರುವಾಗಲೇ ವೈದ್ಯರು ರೋಗಿಗಳಿಗೆ ವ್ಯಾಯಾಮವನ್ನು ಸೂಚಿಸಬೇಕೆಂದು ಮಾರ್ಗದರ್ಶನ ನೀಡಿತು. ವಾರಕ್ಕೆ ಮೂರು ದಿನ ಅರ್ಧ ಗಂಟೆಯ ಸಾಧಾರಣ ಶ್ರಮ ಸುಸ್ತನ್ನು ತಗ್ಗಿಸುತ್ತದೆಂದು 2019ರಲ್ಲೇ ತಜ್ಞರ ಸಮಿತಿಯೊಂದು ಅಭಿಪ್ರಾಯಪಟ್ಟಿತ್ತು.

ನಮ್ಮ ನಾಡಿನ ಹೆಸರೂ ಈ ಚರಿತ್ರೆಯಲ್ಲಿದೆ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನವೂ ಅಮೆರಿಕದ ಟೆಕ್ಸಾಸಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರವೂ ಕೂಡಿ ನಡೆಸಿದ ಪರೀಕ್ಷೆ 2014ರಲ್ಲಿ ಪ್ರಕಟವಾಯಿತು. ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 163 ಮಂದಿಯಲ್ಲಿ ಯೋಗ ಮಾಡಿದವರ ದೈಹಿಕ ಸಾಮರ್ಥ್ಯ ಮುಂದಿನ ತಿಂಗಳುಗಳಲ್ಲಿ ಹೆಚ್ಚು ಉತ್ತಮವಾಗಿತ್ತು.

ಈಗ ಹಳ್ಳಿಗೆ ಬರೋಣ. 'ದಿನಕ್ಕೆ ಅರ್ಧ ಗಂಟೆ ವಾಕಿಂಗ್ ಮಾಡಿ' ಎಂದು ಹೇಳುವುದು ಸುಲಭ. ನಮ್ಮೂರಿನಲ್ಲಿ ಹೆಂಗಸು ಕೊಡ, ಕುಕ್ಕೆ, ಕುಡುಗೋಲು ಯಾವುದೂ ಇಲ್ಲದೆ ಬರಿಗೈಯಲ್ಲಿ ಹೊರಟರೆ, ದಾರಿಯಲ್ಲಿ ಮೂರು ಮಂದಿ "ಎಲ್ಲಿಗೆ?" ಎಂದು ಕೇಳುತ್ತಾರೆ. ತನ್ನ ಮೈಗಾಗಿಯೇ ನಡೆಯುವ ಹೆಂಗಸನ್ನು ನಾವು ಕಂಡವರಲ್ಲ. ಅವ್ವನಿಗೆ ನಾಚಿಕೆಯಾಗುತ್ತಿತ್ತು. ಕೊನೆಗೆ ಬೆಳಗಿನ ಹಾಲನ್ನು ಡೈರಿಗೆ ಒಯ್ಯುವ ನೆಪ ಮಾಡಿದೆವು: ಕ್ಯಾನು ನನ್ನ ಕೈಯಲ್ಲಿ, ಲೆಕ್ಕದ ಪುಸ್ತಕ ಅವಳ ಕೈಯಲ್ಲಿ.

ಇದರ ಎದುರಿಗೆ ಇನ್ನೊಂದು ಅಪಾಯವಿದೆ. 'ಡಾಕ್ಟರೇ ಕೆಲಸ ಮಾಡು ಅಂದವ್ರೆ' ಎಂದು ಹತ್ತೇ ದಿನಕ್ಕೆ ಕೊಟ್ಟಿಗೆಗೆ ಅಟ್ಟುವ ಮನೆಗಳೂ ಇಲ್ಲದಿಲ್ಲ. ಮನೆಗೆಲಸ ಮಾಡುವವಳಿಗೆ ಬೇರೆ ವ್ಯಾಯಾಮವೇಕೆ ಎಂಬ ವಾದವನ್ನೂ ಕೇಳಿದ್ದೇನೆ. ನನ್ನ ಮಟ್ಟಿಗೆ ಇವೆರಡೂ ಒಂದಲ್ಲ. ವ್ಯಾಯಾಮದಲ್ಲಿ ಭಾರವನ್ನು ರೋಗಿಯೇ ಗೊತ್ತುಮಾಡುತ್ತಾಳೆ, ಸಾಕೆನಿಸಿದಾಗ ನಿಲ್ಲಿಸುತ್ತಾಳೆ. ಹತ್ತು ಜನರಿಗೆ ಹಿಟ್ಟು ತೊಳಸುವಾಗ ನಡುವೆ ನಿಲ್ಲಿಸುವಂತಿಲ್ಲ. ಮೇಲಾಗಿ ಮುಳ್ಳು, ಕುಡುಗೋಲು, ಒಲೆಯ ಕೆಂಡ ಇವುಗಳಿಂದ ಆ ತೋಳಿಗೆ ಆಗುವ ಸಣ್ಣ ಗಾಯವೂ ಸೋಂಕಿಗೆ ದಾರಿ. ಸೋಂಕಿನಿಂದ ಬಾವು ಬರುತ್ತದೆ.

ನಿಲ್ಲಿಸಬೇಕಾದ ಸಂದರ್ಭಗಳನ್ನೂ ಹೇಳದೆ ಬಿಡುವಂತಿಲ್ಲ. ಕಿಮೋಥೆರಪಿಯ ನಡುವೆ ಜ್ವರ ಬಂದರೆ ವ್ಯಾಯಾಮವಲ್ಲ, ಆ ಹೊತ್ತಿಗೇ ಆಸ್ಪತ್ರೆ; ಬಿಳಿಯ ರಕ್ತಕಣಗಳು ಇಳಿದಿರುವ ಕಾಲ ಅದು. ಎದೆನೋವು, ಉಬ್ಬಸ, ತಲೆಸುತ್ತು, ತೀರ ರಕ್ತಹೀನತೆ ಇದ್ದರೂ ಹಾಗೆಯೇ. ರೋಗ ಮೂಳೆಗೆ ಹರಡಿದ್ದರೆ ವೈದ್ಯರನ್ನು ಕೇಳದೆ ಭಾರ ಎತ್ತಕೂಡದು. ಶಸ್ತ್ರಚಿಕಿತ್ಸೆಯ ಮೊದಲ ದಿನಗಳಲ್ಲಿ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಿಸುವುದು, ಭುಜ ತಿರುಗಿಸುವುದು ಸಾಕು. ಗಾಯದ ಕೊಳವೆ ತೆಗೆಯುವವರೆಗೆ ತೋಳನ್ನು ಭುಜದಿಂದ ಮೇಲಕ್ಕೆತ್ತಬಾರದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸುವುದು. ನಮ್ಮ ನಡುಮನೆಯ ಗೋಡೆಯ ಮೇಲೆ ಅವ್ವ ದಿನದಿನವೂ ಇದ್ದಿಲಿನಿಂದ ಎಳೆದ ಗೆರೆಗಳು ಇನ್ನೂ ಇವೆ. ಹದಿನೇಳು ಗೆರೆಯಾದ ಮೇಲೆ ಕೈ ತಲೆಯ ಮೇಲೆ ಹೋಯಿತು. ವಿಕಿರಣ ಚಿಕಿತ್ಸೆ ಆರಂಭವಾಯಿತು.

ಟ್ರಂಕಿನಲ್ಲಿದ್ದ ಹಾಳೆಯನ್ನು ನಾನು ಕನ್ನಡದಲ್ಲಿ ಬರೆದೆ. ಎಂಟು ಸಾಲು ಬೇಗ ಮುಗಿದುವು. ಐದನೆಯದರಲ್ಲಿ, ಮುಂದಕ್ಕೆ ಬಾಗಿ ತೋಳನ್ನು 'ಪೆಂಡ್ಯುಲಮ್' ಹಾಗೆ ಆಡಿಸಬೇಕೆಂದಿತ್ತು. ಲೋಲಕವೆಂದು ಬರೆದು ಅಜ್ಜಿಗೆ ಓದಿ ಹೇಳಿದೆ; ಅವಳಿಗೆ ತಿಳಿಯಲಿಲ್ಲ. ನಾನೇ ಬಾಗಿ ಮಾಡಿ ತೋರಿಸಿದಾಗ, "ಬಾವಿಗೆ ಬಿಟ್ಟ ಬಿಂದಿಗೆ ತೂಗಾಡ್ದಂಗೆ ಅನ್ನು" ಎಂದಳು. ಹಾಗೆಯೇ ಬರೆದೆ. ಫಿಸಿಯೋಥೆರಪಿಯ ಆ ಹೆಣ್ಣುಮಗಳು ಒಂದು ಪ್ರತಿ ಕೇಳಿ ತೆಗೆದುಕೊಂಡರು.