ಎರಡು ಮನೆಯ ಟಿವಿ ಒಂದೇ ರಾತ್ರಿ ಕೆಟ್ಟರೆ

ಪ್ರಶ್ನೆ: ಗಾಳಿ-ಮಳೆಯ ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ನಮ್ಮ ಎಲ್‌ಇಡಿ ಟಿವಿ ಆನ್ ಆಗುತ್ತಿಲ್ಲ. ಕೆಂಪು ದೀಪವೂ ಹತ್ತುತ್ತಿಲ್ಲ. ಪಕ್ಕದ ಮನೆಯವರದೂ ಅದೇ ರಾತ್ರಿ ಕೆಟ್ಟಿದೆ. ಹೊಸದೇ ತರಬೇಕೆ?
– ಓದುಗರೊಬ್ಬರು, ನಿಂಬರ್ಗಾ, ಆಳಂದ ತಾಲ್ಲೂಕು

ಉತ್ತರ: ಹೊಸದರ ಮಾತು ಸದ್ಯ ಬೇಡ. ನಿಮ್ಮ ಪತ್ರದಲ್ಲಿ ಮುಖ್ಯವಾದದ್ದು ಪಕ್ಕದ ಮನೆಯ ಸುದ್ದಿ. ಎರಡು ಟಿವಿ ಒಂದೇ ರಾತ್ರಿ ಕೆಟ್ಟಿವೆ ಎಂದರೆ ದೋಷ ಹೊರಗಿನಿಂದ, ಲೈನಿನಿಂದಲೋ ಸಿಡಿಲಿನಿಂದಲೋ, ಬಂದಿರುವ ಸಂಭವವೇ ಹೆಚ್ಚು.

ಮೊದಲು ಅದೇ ಸಾಕೆಟ್ಟಿಗೆ ಫೋನ್ ಚಾರ್ಜರ್ ಹಾಕಿ ನೋಡಿ. ಟೆಸ್ಟರ್ ಹೊತ್ತಿತೆಂದು ನಂಬಬೇಡಿ; ನ್ಯೂಟ್ರಲ್ ಕಡಿದಿದ್ದರೂ ಫೇಸ್ ಒಂದರಿಂದಲೇ ಅದು ಹೊತ್ತುತ್ತದೆ.

ಊರುಗಳಲ್ಲಿ ಟಿವಿಗಳನ್ನು ಸುಡುವುದರಲ್ಲಿ ಈ ನ್ಯೂಟ್ರಲ್ಲಿನ ಪಾಲು ದೊಡ್ಡದು. ಟಿಸಿಯಿಂದ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನಿಂದ, ಹೊರಡುವುದು ಮೂರು ಫೇಸ್, ಒಂದು ನ್ಯೂಟ್ರಲ್. ಮನೆಗೆ ಬರುವುದು ಒಂದು ಫೇಸ್ ಮತ್ತು ನ್ಯೂಟ್ರಲ್, ಅವುಗಳ ನಡುವೆ 230 ವೋಲ್ಟ್. ಎರಡು ಫೇಸ್‌ಗಳ ನಡುವೆ ಇರುವುದು ಸುಮಾರು 400 ವೋಲ್ಟ್. ಗಾಳಿಗೆ ನ್ಯೂಟ್ರಲ್ ತಂತಿ ಕಡಿದರೆ ಅಥವಾ ಅದರ ಜೋಡಣೆ ಸಡಿಲಾದರೆ, ಬೇರೆ ಬೇರೆ ಫೇಸಿನ ಮನೆಗಳು ಆ 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳಬೇಕಾಗುತ್ತದೆ. ಹಂಚಿಕೆ ಸಮನಾಗಿರುವುದಿಲ್ಲ: ಕಡಿಮೆ ಲೋಡಿರುವ ಮನೆಗೇ ಹೆಚ್ಚು ವೋಲ್ಟೇಜ್. ರಾತ್ರಿ ಒಂದು ದೀಪ, ಒಂದು ಟಿವಿ ಮಾತ್ರ ಹಾಕಿಕೊಂಡು ಕೂತವರ ಸಾಮಾನೇ ಸುಡುತ್ತದೆ. ನಿಮ್ಮಲ್ಲಿ ಫ್ಯಾನ್ ಒಮ್ಮೆಲೆ ಜೋರಾಗಿ ತಿರುಗತೊಡಗಿ, ಎದುರು ಮನೆಯಲ್ಲಿ ದೀಪ ಮಂಕಾದರೆ, ಯೋಚಿಸುತ್ತ ನಿಲ್ಲಬೇಡಿ, ಮೇನ್ ಸ್ವಿಚ್ ಆಫ್ ಮಾಡಿ. ವೋಲ್ಟೇಜ್ ಇಳಿದರೆ ಅಷ್ಟು ಭಯವಿಲ್ಲ; ಈಗಿನ ಎಷ್ಟೋ ಟಿವಿಗಳು 100ರಿಂದ 240 ವೋಲ್ಟಿನವರೆಗೆ ನಡೆಯುತ್ತವೆ, ಹಿಂದಿನ ಚೀಟಿಯಲ್ಲಿ ಬರೆದಿರುತ್ತದೆ.

ಹೀಗೆ ವೋಲ್ಟೇಜ್ ಏರಿದಾಗ ಹಲವು ಟಿವಿಗಳಲ್ಲಿ ಪವರ್ ಬೋರ್ಡಿನ ವೇರಿಸ್ಟರ್ ಎಂಬ ಸಣ್ಣ ಬಿಲ್ಲೆ ತಾನು ಶಾರ್ಟ್ ಆಗಿ ಫ್ಯೂಸನ್ನು ಹಾರಿಸುತ್ತದೆ. ಟಿವಿ ಪೂರ್ತಿ ಸತ್ತಂತೆ ಕಂಡರೂ ದುಬಾರಿಯಾದ ಪರದೆ ಬಹಳ ಸಲ ಉಳಿದಿರುತ್ತದೆ. ಬೋರ್ಡ್ ಮಟ್ಟದಲ್ಲಿ ರಿಪೇರಿ ಮಾಡುವವರಲ್ಲಿಗೇ ಒಯ್ಯಿರಿ. ಫ್ಯೂಸ್ ಜಾಗದಲ್ಲಿ ತಂತಿ ಸುತ್ತಿಕೊಡುತ್ತೇನೆ ಎಂದವರ ಕೈಗೆ ಮಾತ್ರ ಕೊಡಬೇಡಿ. ನೀವಾಗಿ ಹಿಂದಿನ ಮುಚ್ಚಳ ಬಿಚ್ಚಬೇಡಿ, ದಯವಿಟ್ಟು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ 300 ವೋಲ್ಟಿಗೂ ಮೇಲೆ ಹಿಡಿದಿಟ್ಟುಕೊಂಡಿರಬಹುದು.

ಕೆಂಪು ದೀಪ ಹತ್ತಿ ಟಿವಿ ಮಾತ್ರ ಏಳದಿದ್ದರೆ ಕಥೆ ಬೇರೆ. ಟಿವಿಯ ಮೇಲಿನ ಬಟನ್ನನ್ನೇ ಒತ್ತಿ ನೋಡಿ. ರಿಮೋಟಿನ ಮೂತಿಯನ್ನು ಫೋನ್ ಕ್ಯಾಮೆರಾದಲ್ಲಿ ನೋಡುತ್ತ ಗುಂಡಿ ಒತ್ತಿದರೆ, ಸಾಮಾನ್ಯವಾಗಿ ಬೆಳಕು ಮಿನುಗುವುದು ಕಾಣುತ್ತದೆ. ಕಾಣದಿದ್ದರೆ ಸೆಲ್ ಬದಲಿಸಿ. ದನಿ ಬಂದು ಚಿತ್ರ ಬಾರದಿದ್ದರೆ ಕತ್ತಲಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಕೆಟ್ಟಿರುವುದು ಪರದೆಯ ಹಿಂದಿನ ಎಲ್‌ಇಡಿ ಪಟ್ಟಿಯೋ ಅದಕ್ಕೆ ಕರೆಂಟ್ ಕೊಡುವ ಭಾಗವೋ.

ಸಿಡಿಲು ಡಿಶ್ ಕೇಬಲ್ಲಿನಿಂದಲೂ ಒಳಬರುತ್ತದೆ. ಮೋಡ ಕವಿಯುತ್ತಿದ್ದಂತೆಯೇ ಪ್ಲಗ್, ಕೇಬಲ್ ಎರಡನ್ನೂ ಕಿತ್ತಿಡಿ. ಗುಡುಗು ಶುರುವಾದ ಮೇಲೆ ಮುಟ್ಟಬೇಡಿ.

ನಿಮ್ಮ ಜಿಲ್ಲೆಗೆ ಟಿವಿ ಹೊಸದಲ್ಲ. 1975-76ರಲ್ಲಿ ಇಸ್ರೋ ಎಟಿಎಸ್-6 ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕದಿಂದ ನಿಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿದ್ದವು. ಅಂದು ಸೆಟ್ಟಿನ ಜೊತೆಗೇ ಅದರ ದುರಸ್ತಿಯ ಏರ್ಪಾಡೂ ಇತ್ತು. ಇಂದು ಆ ಹೊಣೆ ಮನೆಯವರ ಮೇಲೆಯೇ ಬಿದ್ದಿರುವುದರಿಂದ, ರಿಪೇರಿಯಾಗಿ ಬಂದ ಟಿವಿಯನ್ನು ಕೂಡಲೇ ಸಾಕೆಟ್ಟಿಗೆ ಹಾಕಬೇಡಿ. ಇಬ್ಬರೂ ಸೇರಿ 1912ಕ್ಕೆ ಕರೆಮಾಡಿ ಜೆಸ್ಕಾಂಗೆ ದೂರು ಕೊಡಿ. ಟಿಸಿಯಿಂದ ನಿಮ್ಮ ಕಂಬದವರೆಗೆ ನ್ಯೂಟ್ರಲ್ ನೋಡಬೇಕೆಂದು ಬಿಡಿಸಿ ಹೇಳಿ. ಅದು ಸರಿಯಾದ ಮೇಲೆ ಪ್ಲಗ್ ಹಾಕಿ.