ಹದಿನೇಳರ ಕೈಯಲ್ಲಿ ಡ್ರೋನ್

ಫೆಸ್ಟ್ ಹತ್ತಿರ ಬಂದಾಗಲೆಲ್ಲ ನಮ್ಮ ಕ್ಯಾಂಪಸ್‌ನಲ್ಲಿ ಒಂದು ಮಾತು ಏಳುತ್ತೆ: ಈ ಸಲ ಡ್ರೋನ್ ಶಾಟ್ ಯಾರು ತೆಗೀತಾರೆ? ಡ್ರೋನ್ ಇರೋದು ಹೆಚ್ಚಾಗಿ ಫಸ್ಟ್ ಇಯರ್ ಹುಡುಗರ ಹತ್ರ. ಅವರಲ್ಲಿ ಕೆಲವರಿಗೆ ಇನ್ನೂ 17. ಕೂಡಲೇ ಯಾರಾದರೂ ಕೇಳ್ತಾರೆ, "ಆ ಹುಡುಗನ ಕೈಗೆ ಕೊಡ್ತೀರಾ? ಅಷ್ಟು ಜವಾಬ್ದಾರಿ ಇದೆಯಾ ಅವನಿಗೆ?" ಎಲ್ಲರೂ ನಗ್ತಾರೆ, ಮಾತು ಅಲ್ಲಿಗೇ ಮುಗಿಯುತ್ತೆ. ಆದರೆ ಪ್ರಶ್ನೆ ನಗೋ ಅಂಥದ್ದಲ್ಲ. ಡ್ರೋನ್ ಕೆಳಗೆ ನಿಂತಿರೋರು ನಾವೇ ತಾನೆ.

ಮೊದಲು ಕಾನೂನು ಏನು ಹೇಳುತ್ತೆ ನೋಡೋಣ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳ ಪ್ರಕಾರ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು ಅಂದ್ರೆ ವಯಸ್ಸು 18ರಿಂದ 65ರ ಒಳಗಿರಬೇಕು, ಹತ್ತನೇ ಕ್ಲಾಸ್ ಪಾಸಾಗಿರಬೇಕು, ಡಿಜಿಸಿಎ ಒಪ್ಪಿದ ಸಂಸ್ಥೆಯಲ್ಲಿ ತರಬೇತಿ ಮುಗಿಸಿರಬೇಕು. ಆದರೆ 250 ಗ್ರಾಂ ಒಳಗಿನ ನ್ಯಾನೋ ಡ್ರೋನ್‌ಗೆ ಈ ಸರ್ಟಿಫಿಕೇಟೇ ಬೇಡ. 2 ಕೆಜಿ ಒಳಗಿನದನ್ನ ದುಡ್ಡಿಗಲ್ಲದೆ ಸುಮ್ಮನೆ ಹಾರಿಸಿದ್ರೂ ಬೇಡ. ಕ್ಯಾಂಪಸ್‌ನಲ್ಲಿ ನಾವು ನೋಡೋ ಕ್ಯಾಮೆರಾ ಡ್ರೋನ್‌ಗಳಲ್ಲಿ ಬಹುಪಾಲು ಈ ವಿನಾಯಿತಿ ಒಳಗೇ ಬರುತ್ತವೆ. ಅಂದ್ರೆ 17ರ ಹುಡುಗ ಹಾರಿಸಬಹುದಾ ಅಂತ ನಿಯಮವನ್ನ ಕೇಳಿದ್ರೆ, ಅದು ತೂಕ ಎಷ್ಟು, ಎಲ್ಲಿ, ದುಡ್ಡಿಗಾ ಅಂತ ಕೇಳುತ್ತೆ. ಇಷ್ಟರೊಳಗೆ ವಯಸ್ಸಿನ ಮಾತೇ ಬರಲ್ಲ. ಗೇರ್ ಇರೋ ಬೈಕ್ ಓಡಿಸೋಕೆ 18 ತುಂಬಬೇಕು, ಎಲ್‌ಎಲ್ ಮಾಡಿಸೋಕೆ ಆರ್‌ಟಿಓ ಮುಂದೆ ಕ್ಯೂ ನಿಂತಿದ್ದು ನಮಗೆಲ್ಲ ನೆನಪಿದೆ. ಆಕಾಶಕ್ಕೆ ಆ ಕ್ಯೂ ಇಲ್ಲ.

ಹಾಗಾದ್ರೆ ನಾವೇ ಯೋಚಿಸಬೇಕು.

ಹುಡುಗರ ಪರವಾಗಿ ಹೇಳೋ ಮೊದಲ ಮಾತು, "ಅವರ ಕೈ ನಮಗಿಂತ ಚೆನ್ನಾಗಿ ಓಡುತ್ತೆ." ನಿಜ. ಗೇಮ್ ಕಂಟ್ರೋಲರ್ ಹಿಡಿದು ಬೆಳೆದ ಬೆರಳುಗಳು ಅವು. ಆದರೆ ಇವತ್ತಿನ ಡ್ರೋನ್‌ಗೆ ಕೈಚಳಕವೇ ಅಷ್ಟು ಬೇಕಾಗಿಲ್ಲ. ಸ್ಟಿಕ್ ಬಿಟ್ಟರೆ ಜಿಪಿಎಸ್ ಹಿಡಿದುಕೊಂಡು ಇದ್ದಲ್ಲೇ ನಿಲ್ಲುತ್ತೆ. ಹಿಂದೆ ಬಾಲ್ಸಾ ಮರದ ಆರ್‌ಸಿ ವಿಮಾನ ಮಾಡ್ತಿದ್ದೋರ ಕಥೆ ಬೇರೆ. ನಾಲ್ಕು ಸಲ ಬೀಳಿಸಿ, ರೆಕ್ಕೆ ಅಂಟಿಸಿ, ಮತ್ತೆ ಬೀಳಿಸಿ, ಕೊನೆಗೆ ನೂರು ಅಡಿ ಮೇಲೆ ಹೋಗೋ ಹೊತ್ತಿಗೆ ಭಯ ಏನು ಅಂತ ಗೊತ್ತಾಗಿರ್ತಿತ್ತು. ಈಗ ಬಾಕ್ಸ್ ತೆಗೆದ ದಿನವೇ 120 ಮೀಟರ್ ಎತ್ತರ ಸಿಗುತ್ತೆ. ಸುಲಭವಾಗಿದ್ದು ಒಳ್ಳೇದೇ, ಆದರೆ ಬೀಳಿಸಿ ಕಲಿಯೋ ಆ ಒಂದೆರಡು ವರ್ಷ ಮಧ್ಯದಿಂದ ಹಾರಿಹೋಯ್ತು.

ಕಲಿಯಬೇಕಾದ್ದು ಏನು ಅಂತ ಒಂದು ಲೆಕ್ಕ ಹಾಕಿ ನೋಡಿ. ಡ್ರೋನ್‌ನ ವೇಗ ಸೆಕೆಂಡಿಗೆ 10 ಮೀಟರ್, ಮೇಲೆ ಗಾಳಿ ಸೆಕೆಂಡಿಗೆ 6 ಮೀಟರ್ ಅಂದುಕೊಳ್ಳಿ. ಗಾಳಿ ಜೊತೆ ಹೋದ್ರೆ ನೆಲದ ಲೆಕ್ಕದಲ್ಲಿ ವೇಗ 16. ಒಂದೇ ನಿಮಿಷದಲ್ಲಿ 960 ಮೀಟರ್ ದೂರ ಹೋಗಿಬಿಡುತ್ತೆ, ಬ್ಯಾಟರಿ ಇನ್ನೂ ಬೇಕಾದಷ್ಟು ತೋರಿಸ್ತಿರುತ್ತೆ. ವಾಪಸ್ ಬರುವಾಗ ಗಾಳಿ ಎದುರು, ವೇಗ 4. ಅದೇ ದೂರಕ್ಕೆ ನಾಲ್ಕು ನಿಮಿಷ. ಇದು ಪಿಯುಸಿ ಫಿಸಿಕ್ಸ್‌ನ ದೋಣಿ-ಹೊಳೆ ಲೆಕ್ಕವೇ, ನಮ್ಮಲ್ಲಿ ಯಾರಿಗೂ ಬರಲ್ಲ ಅನ್ನೋ ಹಾಗಿಲ್ಲ. ಆದರೆ ಸ್ಕ್ರೀನ್ ಮೇಲೆ ಸೂರ್ಯಾಸ್ತ ಚೆನ್ನಾಗಿ ಕಾಣ್ತಿರುವಾಗ ಈ ಲೆಕ್ಕ ತಲೆಗೆ ಬರುತ್ತಾ ಅನ್ನೋದೇ ವಿಷಯ. "ರಿಟರ್ನ್ ಟು ಹೋಮ್" ಒತ್ತಿದ್ರೆ ಆಯ್ತಲ್ಲ ಅಂತೀರಾ? ಅದರ ಎತ್ತರವನ್ನ 30 ಮೀಟರ್‌ಗೆ ಸೆಟ್ ಮಾಡಿ, ದಾರೀಲಿ 40 ಮೀಟರ್ ಬಿಲ್ಡಿಂಗ್ ಇದ್ದು, ಮುಂದೆ ಅಡ್ಡ ಬಂದದ್ದನ್ನ ಗುರುತಿಸೋ ಸೆನ್ಸರ್ ಇಲ್ಲದಿದ್ರೆ, ಡ್ರೋನ್ ನೇರ ಗೋಡೆಗೇ ಬರುತ್ತೆ.

ಬಿದ್ದರೆ? 900 ಗ್ರಾಂ ಡ್ರೋನ್ 30 ಮೀಟರ್‌ನಿಂದ ಬಿದ್ದರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದ್ರೆ, ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 87 ಕಿ.ಮೀ., ಶಕ್ತಿ ಸುಮಾರು 265 ಜೂಲ್. 160 ಗ್ರಾಂ ಕ್ರಿಕೆಟ್ ಬಾಲ್ ಗಂಟೆಗೆ 140 ಕಿ.ಮೀ. ವೇಗದಲ್ಲಿ ಬಂದ್ರೂ ಅದರಲ್ಲಿರೋದು ಸುಮಾರು 120 ಜೂಲ್. ಅದಕ್ಕೆ ಬ್ಯಾಟ್ಸ್‌ಮನ್ ಹೆಲ್ಮೆಟ್ ಹಾಕಿರ್ತಾನೆ. ನಮ್ಮ ಫೆಸ್ಟ್ ಜನಕ್ಕೆ ತಲೆ ಮೇಲೆ ಟೋಪಿ ಇದ್ದರೆ ಹೆಚ್ಚು.

ಇಷ್ಟು ಓದಿ "ಅದಕ್ಕೇ ಹುಡುಗರಿಗೆ ಬೇಡ, ದೊಡ್ಡೋರಿಗೆ ಕೊಡಿ" ಅನ್ನೋದು ಸುಲಭ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹತ್ತಿರ ಪ್ಯಾಲಿಸೇಡ್ಸ್ ಕಾಡ್ಗಿಚ್ಚು ಉರೀತಿದ್ದಾಗ ಒಂದು ಡ್ರೋನ್, ಬೆಂಕಿ ಮೇಲೆ ನೀರು ಸುರಿಯೋ ಸೂಪರ್ ಸ್ಕೂಪರ್ ವಿಮಾನದ ರೆಕ್ಕೆಗೆ ಬಡೀತು. ರೆಕ್ಕೇಲಿ ಸುಮಾರು 3 ಇಂಚು ಅಗಲ, 6 ಇಂಚು ಉದ್ದದ ತೂತು. ಊರು ಉರೀತಿರುವಾಗ ವಿಮಾನ ರಿಪೇರಿಗೆ ನಿಲ್ಲಬೇಕಾಯ್ತು. ಡ್ರೋನ್ 250 ಗ್ರಾಂ ಒಳಗಿನದು. ಪಾರ್ಕಿಂಗ್ ಕಟ್ಟಡದ ಮೇಲಿಂದ ಹಾರಿಸಿ, ಎರಡು ಕಿಲೋಮೀಟರ್‌ಗೂ ಹೆಚ್ಚು ದೂರ ಕಳಿಸಿ, ಕೊನೆಗೆ ಅದು ಎಲ್ಲಿದೆ ಅಂತಾನೇ ಕಾಣದ ಹಾಗಾಗಿತ್ತು. ಹಾರಿಸಿದವರ ವಯಸ್ಸು 56. ಬೆಂಕಿ ಎಷ್ಟಾಗಿದೆ ನೋಡೋಣ ಅನ್ನೋ ಕುತೂಹಲಕ್ಕೆ 17, 56 ಅಂತ ಭೇದ ಇಲ್ಲ.

ಹಾಗಂತ ವಯಸ್ಸಿಗೆ ಅರ್ಥವೇ ಇಲ್ಲ ಅನ್ನೋಕೂ ಆಗಲ್ಲ. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಅನ್ನೋ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಪ್ರಯೋಗ ಇದೆ. ಕಂಪ್ಯೂಟರ್‌ನಲ್ಲಿ ಕಾರ್ ಓಡಿಸೋ ಆಟ. ಹಳದಿ ದೀಪ ಬಂದ ಮೇಲೂ ಎಷ್ಟು ಹೊತ್ತು ಓಡಿಸ್ತೀರೋ ಅಷ್ಟು ಪಾಯಿಂಟ್, ಆದರೆ ಯಾವಾಗ ಬೇಕಾದ್ರೂ ಗುದ್ದಿಕೊಳ್ಳಬಹುದು. 13ರಿಂದ 16ರ ಹುಡುಗರು, 18ರಿಂದ 22ರ ಯುವಕರು, 24 ದಾಟಿದವರು ಅಂತ ಮೂರು ಗುಂಪು. ಕೆಲವರು ಒಬ್ಬೊಬ್ಬರೇ ಆಡಿದ್ರು, ಕೆಲವರು ಗೆಳೆಯರನ್ನ ಪಕ್ಕದಲ್ಲಿ ಕೂರಿಸಿಕೊಂಡು ಆಡಿದ್ರು. ಗೆಳೆಯರು ಪಕ್ಕದಲ್ಲಿದ್ದಾಗ ಚಿಕ್ಕವರ ಧೈರ್ಯ ಮಿತಿ ಮೀರಿ ಏರಿತು. ದೊಡ್ಡವರ ಮೇಲೆ ಅದರ ಪರಿಣಾಮ ಅಷ್ಟಿರಲಿಲ್ಲ. ನಮಗೆ ಚುಚ್ಚಿದ್ದು ನಡುವಿನ ಗುಂಪು, ಯಾಕಂದ್ರೆ ಅದು ನಾವು. ಗೆಳೆಯರ ಮುಂದೆ ನಮ್ಮ ವಯಸ್ಸಿನೋರು ಕೂಡ ದೊಡ್ಡವರಿಗಿಂತ ಹೆಚ್ಚು ಜಾರಿದ್ರು. 18 ತುಂಬಿದ ದಿನ ಬೆಳಗ್ಗೆ ಎದ್ದಾಗ ತಲೆ ಬದಲಾಗಿರಲ್ಲ.

ಈಗ ಫೆಸ್ಟ್ ಸಂಜೆಯನ್ನ ನೆನೆಸಿಕೊಳ್ಳಿ. ಹುಡುಗನ ಸುತ್ತ ಹದಿನೈದು ಜನ. ಒಬ್ಬ "ಇನ್ನೂ ಕೆಳಗೆ ತಗೋ ಮಗಾ" ಅಂತಾನೆ, ಇನ್ನೊಬ್ಬ "ಸ್ಟೇಜ್ ಮೇಲೆ ತಗೊಂಡು ಹೋಗು" ಅಂತಾನೆ, ಸೀನಿಯರ್ ಒಬ್ಬ ಬಂದು "ಬ್ಯಾಟರಿ 20 ಇದೆಯಲ್ಲ, ಇನ್ನೊಂದು ಟೇಕ್" ಅಂತಾನೆ. ನಮ್ಮ ಪ್ರಕಾರ ಕೇಳಬೇಕಾದ ಪ್ರಶ್ನೆ ಇಲ್ಲಿದೆ. ಬೆಳಗ್ಗೆ ಖಾಲಿ ಗ್ರೌಂಡ್‌ನಲ್ಲಿ ಅದೇ ಹುಡುಗ ಒಬ್ಬ ಪೈಲಟ್ ಥರ ನಡ್ಕೊಳ್ತಾನೆ. ಸಂಜೆ ಅವನನ್ನ ಹದಿನೇಳರವನನ್ನಾಗಿ ಮಾಡೋದು ನಾವು, ಅದೂ ಸೀನಿಯರ್‌ಗಳು.

ಕ್ಯಾಮೆರಾದ ವಿಷಯ ಬೇರೆ. ಅದು ಬೀಳದೇ ಇದ್ದರೂ ತೊಂದರೆ ಕೊಡುತ್ತೆ. ಕಾಂಪೌಂಡ್ ಆಚೆ ಟೆರೇಸ್ ಮೇಲೆ ಹಪ್ಪಳ ಒಣಗಿಸ್ತಿರೋ ಅಜ್ಜಿಗಾಗಲಿ, ಹಾಸ್ಟೆಲ್ ಕಿಟಕಿ ಹತ್ರ ಕೂದಲು ಒಣಗಿಸ್ತಿರೋ ಹುಡುಗಿಗಾಗಲಿ, ಮೇಲಿನ ಆ ಗುಂಯ್ ಅನ್ನೋ ಸದ್ದು ರೆಕಾರ್ಡ್ ಮಾಡ್ತಿದೆಯಾ ಇಲ್ಲವಾ ಅಂತ ಗೊತ್ತಾಗೋಕೆ ದಾರಿಯೇ ಇಲ್ಲ. "ನಾನು ಆ ಕಡೆ ನೋಡಲೇ ಇಲ್ಲ" ಅನ್ನೋದು ಹಾರಿಸುವವನಿಗೆ ಮಾತ್ರ ಗೊತ್ತಿರೋ ಸತ್ಯ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಕೇಸ್ ನಮ್ಮವರದ್ದೇ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ್ದು. ಹಾಸ್ಟೆಲ್ ಬ್ಲಾಕ್‌ಗಳ ಕಡೆ ಡ್ರೋನ್ ಹೋಗಲೇಬಾರದು. ಎಷ್ಟು ಒಳ್ಳೆ ಶಾಟ್ ಆದ್ರೂ.

ನಾವು ಕೇಳ್ತಿರೋದು ಇಷ್ಟು. ಹಾರಿಸೋನು ಯಾವ ಇಯರ್ ಆದ್ರೂ ಇರಲಿ, ಪಕ್ಕದಲ್ಲಿ ಒಬ್ಬನೇ ಇರಬೇಕು. ಅವನ ಕೆಲಸ ಸ್ಕ್ರೀನ್ ನೋಡೋದಲ್ಲ, ಕತ್ತೆತ್ತಿ ಡ್ರೋನ್ ನೋಡೋದು. ಉಳಿದವರು ಹಗ್ಗದ ಆಚೆ. ಎಷ್ಟು ಎತ್ತರ, ಎಷ್ಟು ದೂರ, ಎಷ್ಟು ಬ್ಯಾಟರಿಗೆ ವಾಪಸ್ ಅನ್ನೋದನ್ನ ಹಾರಿಸೋ ಮುಂಚೆ ಹಾಳೆ ಮೇಲೆ ಬರೀಬೇಕು. ಹಾರಿದ ಮೇಲೆ ಅದನ್ನ ಬದಲಿಸೋ ಅಧಿಕಾರ ಫೆಸ್ಟ್ ಕನ್ವೀನರ್‌ಗೂ ಬೇಡ. ಜನರ ತಲೆ ಮೇಲೆ ಹಾರಿಸೋದಂತೂ ಬೇಡವೇ ಬೇಡ, ಪಕ್ಕದಿಂದ ತೆಗೆದ ಶಾಟ್ ಚೆನ್ನಾಗೇ ಇರುತ್ತೆ. ಹೊರಗಿನವರಿಗೆ ದುಡ್ಡು ಕೊಟ್ಟು ಕರೆಸಿದ್ರೆ ಸರ್ಟಿಫಿಕೇಟ್ ಕೇಳಿ ನೋಡಬೇಕು.

ಮ್ಯಾಪ್ ನೋಡೋದನ್ನ ಮಾತ್ರ ಯಾರೂ ತಪ್ಪಿಸೋ ಹಾಗಿಲ್ಲ. ಡಿಜಿಟಲ್ ಸ್ಕೈ ಮ್ಯಾಪ್‌ನಲ್ಲಿ ಹಸಿರು ವಲಯ ಇದ್ದರೆ 400 ಅಡಿವರೆಗೆ ಅನುಮತಿ ಬೇಡ, ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ಒಳಗಾದ್ರೆ 200 ಅಡಿ ಮಾತ್ರ. ಕೆಂಪೇಗೌಡ ನಿಲ್ದಾಣ, ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರು ಎಲ್ಲ ಇರೋ ಬೆಂಗಳೂರಲ್ಲಿ ಅಂದಾಜಿಗೆ ಹಾರಿಸೋದು ಹುಚ್ಚುತನ. ನಿಯಮ ಮುರಿದ್ರೆ ಒಂದು ಲಕ್ಷದವರೆಗೆ ದಂಡ. ನಿನ್ನೆ ನೋಡಿದ್ದು ಇವತ್ತಿಗೆ ಸಾಲಲ್ಲ, ಯಾಕಂದ್ರೆ ಪೊಲೀಸರು ಬೇಕಾದ್ರೆ ಒಂದು ಜಾಗವನ್ನ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ಲ್ಯಾಬ್‌ನಲ್ಲಿ ನಾವೇ ಕಟ್ಟಿದ ಡ್ರೋನನ್ನ ಟೆಸ್ಟ್ ಮಾಡೋಕೆ ಮಾನ್ಯತೆ ಇರೋ ಕಾಲೇಜುಗಳಿಗೆ ವಿನಾಯಿತಿ ಇದೆ, ಅದೂ ಹಸಿರು ವಲಯದಲ್ಲಿ, ನಮ್ಮ ಹತೋಟಿಯಲ್ಲಿರೋ ಜಾಗದಲ್ಲಿ ಮಾತ್ರ. ಫೆಸ್ಟ್ ವಿಡಿಯೋವನ್ನ "ರಿಸರ್ಚ್" ಅಂತ ಕರೆಯೋ ಐಡಿಯಾ ಈಗಾಗಲೇ ಒಬ್ಬರು ಕೊಟ್ಟಿದ್ದಾರೆ. ಅದು ನಡೆಯಲ್ಲ.