ಜೊತೆಯಾಗಿ ಹೋಗಿ, ಬೇರೆಯಾಗಿ ಏರಿ: ಯೂರೋಪಿನ ರೋಲರ್ ಕೋಸ್ಟರ್ ಉದ್ಯಾನಗಳಿಗೆ ಸಮೂಹ ಪ್ರವಾಸ

ವಿದೇಶ ಪ್ರವಾಸವೆಂದರೆ ಅರಮನೆಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ನೋಡಿಬರುವುದೆಂಬ ಭಾವನೆ ಬಹುಜನರಲ್ಲಿದ್ದರೂ, ಎತ್ತರದಿಂದ ಧುಮುಕಿ, ಸುರುಳಿಯಲ್ಲಿ ತಲೆಕೆಳಗಾಗಿ, ಒಂದೆರಡು ನಿಮಿಷಗಳೊಳಗೆ ಭಯವನ್ನೂ ಹರ್ಷವನ್ನೂ ಏಕಕಾಲದಲ್ಲಿ ಹುಟ್ಟಿಸುವ ರೋಲರ್ ಕೋಸ್ಟರುಗಳನ್ನು ಏರುವುದಕ್ಕಾಗಿಯೇ ಪರದೇಶಕ್ಕೆ ಹೋಗುವುದು ಯಾವ ರೀತಿಯಿಂದಲೂ ಕೀಳಾದ ಪ್ರಯಾಣೋದ್ದೇಶವಲ್ಲ. ಅಂಥ ಅಪೇಕ್ಷೆಯುಳ್ಳ ಮಿತ್ರರ ಅಥವಾ ಬಂಧುಗಳ ತಂಡಕ್ಕೆ ಜರ್ಮನಿ ಮತ್ತು ನೆದರ್ಲೆಂಡ್ಸ್ ದೇಶಗಳು ಅತ್ಯಂತ ಅನುಕೂಲವಾದ ಕ್ಷೇತ್ರ. ಜರ್ಮನಿಯ ರುಸ್ಟ್ ಎಂಬ ಗ್ರಾಮದಲ್ಲಿ 1975ರಲ್ಲಿ ಮಾಕ್ ಮನೆತನದವರು ತೆರೆದ ಯೂರೋಪಾ ಪಾರ್ಕ್, ಕೊಲೋನ್ ನಗರದ ಸಮೀಪದ ಬ್ರೂಲ್‌ನಲ್ಲಿ 1967ರಿಂದ ನಡೆದುಬಂದಿರುವ ಫಾಂಟಾಸಿಯಾಲಾಂಡ್, ನೆದರ್ಲೆಂಡ್ಸಿನ ಕಾಟ್ಸ್‌ಹ್ಯೂವೆಲ್‌ನಲ್ಲಿ 1952ರಲ್ಲಿ ಆರಂಭವಾದ ಎಫ್ಟಲಿಂಗ್, ಈ ಮೂರನ್ನೂ ಒಂದೇ ಪ್ರವಾಸದಲ್ಲಿ ನಿರಾಯಾಸವಾಗಿ ಸೇರಿಸಿಕೊಳ್ಳಬಹುದು.

ಯೋಜನೆಗೆ ತೊಡಗುವ ಮುನ್ನ ಮನಗಾಣಬೇಕಾದ ಸಂಗತಿಯೊಂದಿದೆ. ಎಲ್ಲರೂ ಎಲ್ಲ ಹೊತ್ತಿನಲ್ಲಿಯೂ ಒಟ್ಟಿಗೇ ಇರಬೇಕೆಂದು ಹಟ ಹಿಡಿಯುವ ತಂಡವು ಕಡಿಮೆ ಏರಿ ಹೆಚ್ಚು ಜಗಳವಾಡುತ್ತದೆ. ಯಾವಾಗ ಬೇರೆಯಾಗಬೇಕು, ಎಲ್ಲಿ ಮತ್ತೆ ಸೇರಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡ ತಂಡವು ಎರಡೂ ಸುಖಗಳನ್ನು ಪಡೆಯುತ್ತದೆ. ಮುಂದೆ ಹೇಳಿರುವ ಹಂತಗಳೆಲ್ಲ ಈ ಒಂದು ಸೂತ್ರದ ವಿಸ್ತಾರವೇ.

ಮೊದಲನೆಯ ಹಂತ: ತಂಡವನ್ನು ಕಟ್ಟುವುದು

ತಂಡದಲ್ಲಿ ಎಂಟು ಜನರಿದ್ದರೆ ಲೇಸು. ಯೂರೋಪಾ ಪಾರ್ಕಿನ ಸಿಲ್ವರ್ ಸ್ಟಾರ್ ಗಾಡಿಯಲ್ಲಿ ಸಾಲಿಗೆ ನಾಲ್ವರಂತೆ 36 ಜನ ಕೂರುತ್ತಾರೆ. ಎಂಟು ಜನ ಎರಡು ಸಾಲುಗಳನ್ನು ಸರಿಯಾಗಿ ತುಂಬುತ್ತಾರೆ. ಬಾಡಿಗೆಯ ಒಂಬತ್ತು ಆಸನಗಳ ವ್ಯಾನಿನಲ್ಲಿ ಇಷ್ಟು ಜನ ಹಿಡಿಸಿ, ಸಾಮಾನಿಗೂ ಒಂದಿಷ್ಟು ಎಡೆ ಉಳಿಯುತ್ತದೆ.

ಸಂಖ್ಯೆಗಿಂತಲೂ ಮುಖ್ಯವಾದದ್ದು ಯಾರು ಏರುವವರು, ಯಾರು ಏರದವರು ಎಂಬ ವಿವೇಚನೆ. ಹೃದ್ರೋಗ, ಅಧಿಕ ರಕ್ತದೊತ್ತಡ, ಬೆನ್ನು ಅಥವಾ ಕತ್ತಿನ ನೋವು ಉಳ್ಳವರೂ, ಈಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರೂ, ಗರ್ಭಿಣಿಯರೂ ದೊಡ್ಡ ಗಾಡಿಗಳನ್ನು ಏರಲಾಗದು. ಸಂದೇಹವಿದ್ದವರು ಟಿಕೆಟ್ಟು ಕೊಳ್ಳುವ ಮೊದಲೇ ವೈದ್ಯರನ್ನು ಕೇಳತಕ್ಕದ್ದು. ಮಕ್ಕಳ ವಿಷಯದಲ್ಲಿ ನಿರ್ಣಾಯಕವಾದದ್ದು ಎತ್ತರ. ಸಿಲ್ವರ್ ಸ್ಟಾರ್ ಹಾಗೂ ಫಾಂಟಾಸಿಯಾಲಾಂಡಿನ ಟಾರಾನ್ ಗಾಡಿಗಳಿಗೆ 140 ಸೆಂಟಿಮೀಟರ್, ಎಫ್ಟಲಿಂಗಿನ ಬರೋನ್ 1898ಕ್ಕೆ 132 ಸೆಂಟಿಮೀಟರ್ ಎತ್ತರವಿಲ್ಲದ ಮಗುವನ್ನು ದ್ವಾರದಲ್ಲಿಯೇ ನಿಲ್ಲಿಸುತ್ತಾರೆ. ಅಲ್ಲಿ ಯಾವ ಮನವಿಯೂ ನಡೆಯುವುದಿಲ್ಲವಾದ ಕಾರಣ, ಮನೆಯ ಗೋಡೆಯ ಮೇಲೆಯೇ ಅಳೆದು, ಮಗುವಿಗೆ ಮೊದಲೇ ತಿಳಿಸಿ ಹೇಳುವುದು ಉತ್ತಮ. ಜೀವಮಾನದಲ್ಲಿ ಒಮ್ಮೆಯೂ ಇಂಥ ಗಾಡಿ ಏರದವರು ಬಿಡದಿಯ ಬಳಿಯ ವಂಡರ್‌ಲಾದಲ್ಲಿ ಒಂದು ದಿನ ಕಳೆದು ಬರಲಿ. ತಮ್ಮ ಧೈರ್ಯದ ಅಳತೆಯನ್ನು ಸ್ವದೇಶದಲ್ಲಿಯೇ ತಿಳಿದುಕೊಳ್ಳುವುದು ಮಿತವ್ಯಯದ ಮಾರ್ಗ.

ಎರಡನೆಯ ಹಂತ: ಕಾಲನಿರ್ಣಯ

ಯೂರೋಪಾ ಪಾರ್ಕಿನ ಮುಖ್ಯ ಋತು ಮಾರ್ಚ್ ಅಂತ್ಯದಿಂದ ನವೆಂಬರ್ ಆರಂಭದವರೆಗೆ. ಚಳಿಗಾಲದಲ್ಲಿಯೂ ಕೆಲವು ವಾರ ತೆರೆಯುವುದಾದರೂ ಕೊರೆಯುವ ಗಾಳಿಯಲ್ಲಿ ವೇಗದ ಗಾಡಿ ಏರುವುದು ನಮ್ಮವರಿಗೆ ಒಗ್ಗದ ಸಾಹಸ. ಎಫ್ಟಲಿಂಗ್ ವರ್ಷವಿಡೀ ತೆರೆದಿರುತ್ತದೆ. ಜರ್ಮನಿಯಲ್ಲಿ ಶಾಲೆಯ ರಜೆಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದರಿಂದಲೂ, ರುಸ್ಟ್ ಗ್ರಾಮವು ಫ್ರಾನ್ಸಿನ ಗಡಿಗೆ ಅತಿ ಸಮೀಪದಲ್ಲಿರುವುದರಿಂದಲೂ, ಎರಡು ದೇಶಗಳ ರಜೆಯ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು ದಿನ ಗೊತ್ತುಮಾಡಬೇಕು. ಸೆಪ್ಟೆಂಬರ್ ಉತ್ತರಾರ್ಧವು ಈ ದೃಷ್ಟಿಯಿಂದ ಶ್ರೇಷ್ಠ: ಬೇಸಗೆಯ ರಜೆ ಮುಗಿದು ಶಾಲೆಗಳು ತೆರೆದಿರುತ್ತವೆ, ಬಿಸಿಲು ಇನ್ನೂ ಹಿತವಾಗಿರುತ್ತದೆ, ಅಕ್ಟೋಬರ್ 3ರ ರಾಷ್ಟ್ರೀಯ ರಜೆಯ ನೂಕುನುಗ್ಗಲು ಇನ್ನೂ ಆರಂಭವಾಗಿರುವುದಿಲ್ಲ. ವಾರದಲ್ಲಿ ಮಂಗಳವಾರದಿಂದ ಗುರುವಾರದವರೆಗಿನ ದಿನಗಳನ್ನು ಉದ್ಯಾನಗಳಿಗೂ, ಶನಿವಾರ ಭಾನುವಾರಗಳನ್ನು ಪ್ರಯಾಣಕ್ಕೂ ವಿಶ್ರಾಂತಿಗೂ ಮೀಸಲಿಡಿ.

ಮೂರನೆಯ ಹಂತ: ವೀಸಾ ಮತ್ತು ಕಾಗದಪತ್ರಗಳು

ಎರಡೂ ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಸಲ್ಲಿಸಬೇಕೆಂಬುದು ನಿಯಮವಾದ್ದರಿಂದ ಈ ಪ್ರವಾಸಕ್ಕೆ ಜರ್ಮನಿಯ ವೀಸಾ ಬೇಕಾಗುತ್ತದೆ. ಅರ್ಜಿಯನ್ನು ಬೆಂಗಳೂರಿನಲ್ಲಿಯೇ ಸಲ್ಲಿಸಬಹುದು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸ್ವೀಕಾರವಾಗುತ್ತದೆ. ಹದಿನೈದು ದಿನಗಳಲ್ಲಿ ನಿರ್ಣಯವಾಗುವುದು ಸಾಮಾನ್ಯವಾದರೂ, 45 ದಿನಗಳವರೆಗೆ ಎಳೆಯಬಹುದಾದ್ದರಿಂದ ಮೂರು ತಿಂಗಳು ಮುಂಚೆ ಕಾರ್ಯೋನ್ಮುಖರಾಗುವುದು ಕ್ಷೇಮ. ವಯಸ್ಕರಿಗೆ ಶುಲ್ಕ 90 ಯೂರೋ. ಪಾಸ್‌ಪೋರ್ಟು ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿದ್ದು, ಹಿಂತಿರುಗುವ ದಿನದ ಮೇಲೆ ಕನಿಷ್ಠ ಮೂರು ತಿಂಗಳ ಅವಧಿಯನ್ನೂ ಎರಡು ಖಾಲಿ ಪುಟಗಳನ್ನೂ ಹೊಂದಿರಬೇಕು. 30,000 ಯೂರೋಗಳಿಗೆ ಕಡಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ.

ಇಲ್ಲಿ ತಂಡದ ಮುಖಂಡನು ಮರೆಯಬಾರದ ಮಾತು: ತಂಡ ಒಂದಾದರೂ ವೀಸಾ ಒಬ್ಬೊಬ್ಬರದು. ಪ್ರತಿಯೊಬ್ಬರ ಬ್ಯಾಂಕಿನ ಲೆಕ್ಕ, ಆದಾಯ ತೆರಿಗೆಯ ಪತ್ರ, ರಜೆಯ ಮಂಜೂರಾತಿ ಬೇರೆ ಬೇರೆಯಾಗಿ ಪರಿಶೀಲಿತವಾಗಿ, ಏಳು ಜನಕ್ಕೆ ದೊರೆತದ್ದು ಎಂಟನೆಯವರಿಗೆ ದೊರೆಯದೆ ಹೋಗುವ ಸಂಭವವುಂಟು. ಹೀಗಾದಾಗ ಉಳಿದವರು ಹೋಗುವುದೋ ಬಿಡುವುದೋ, ಆ ಒಬ್ಬರ ನಷ್ಟವನ್ನು ಯಾರು ಭರಿಸುವುದು ಎಂಬುದನ್ನು ಅರ್ಜಿ ಹಾಕುವ ಮುನ್ನವೇ ಇತ್ಯರ್ಥ ಮಾಡಿಕೊಳ್ಳಿ. ವಸತಿಯನ್ನು ರದ್ದುಮಾಡಲು ಅವಕಾಶವಿರುವಂತೆಯೇ ಕಾದಿರಿಸಿ.

ನಾಲ್ಕನೆಯ ಹಂತ: ಮಾರ್ಗ ಮತ್ತು ವಾಹನ

ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೂ ಆಮ್‌ಸ್ಟರ್‌ಡ್ಯಾಮಿಗೂ ನೇರ ವಿಮಾನಗಳಿರುವುದರಿಂದ ಒಂದರಲ್ಲಿ ಇಳಿದು ಮತ್ತೊಂದರಲ್ಲಿ ಮರಳಿದರೆ ಹಿಂದೆ ಬಂದ ಹಾದಿಯಲ್ಲಿ ತಿರುಗಬೇಕಾಗಿಲ್ಲ. ಇಳಿದ ದಿನ ದೇಹಕ್ಕೆ ವಿಶ್ರಾಂತಿ ಕೊಟ್ಟು, ರೈಲಿನಲ್ಲಿ ದಕ್ಷಿಣಕ್ಕೆ ರಿಂಗ್ಸ್‌ಹೈಮ್ ನಿಲ್ದಾಣಕ್ಕೆ ಹೋದರೆ ಅಲ್ಲಿಂದ ಯೂರೋಪಾ ಪಾರ್ಕಿಗೆ ಬಸ್ಸುಂಟು. ಈ ಉದ್ಯಾನಕ್ಕೆ ಎರಡು ದಿನ ಬೇಕೇ ಬೇಕು. ತರುವಾಯ ಕೊಲೋನ್ ನಗರದಲ್ಲಿ ಬಿಡಾರ ಹೂಡಿ, ಅಲ್ಲಿಂದ ಸ್ಥಳೀಯ ರೈಲಿನಲ್ಲಿ ಬ್ರೂಲ್‌ಗೆ ಹೋಗಿ ಫಾಂಟಾಸಿಯಾಲಾಂಡಿನಲ್ಲಿ ಒಂದು ದಿನ. ಕೊನೆಗೆ ಟಿಲ್ಬರ್ಗ್ ಮೂಲಕ ಬಸ್ಸಿನಲ್ಲಿ ಎಫ್ಟಲಿಂಗ್ ತಲುಪಿ ಅಲ್ಲೊಂದು ದಿನ. ಪ್ರವೇಶದ ಟಿಕೆಟ್ಟುಗಳನ್ನು ಆಯಾ ಉದ್ಯಾನದ ಜಾಲತಾಣದಲ್ಲಿ ದಿನಾಂಕಸಹಿತವಾಗಿ ಮುಂಗಡ ಕೊಳ್ಳತಕ್ಕದ್ದು.

ವ್ಯಾನು ಬಾಡಿಗೆಗೆ ಪಡೆಯುವವರು ನಮ್ಮ ಆರ್‌ಟಿಓ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ತೆಗೆದುಕೊಂಡು, ಮೂಲ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಬೇಕು. ವಾಹನವನ್ನು ದೇಶದ ಗಡಿ ದಾಟಿಸುವ ವಿಷಯವನ್ನು ಬಾಡಿಗೆಯವರಿಗೆ ಮೊದಲೇ ತಿಳಿಸಬೇಕು. ರಸ್ತೆಯ ಬಲಮಗ್ಗುಲಲ್ಲಿ ಓಡಿಸುವ ಅಭ್ಯಾಸವಿಲ್ಲದವರು, ಇಡೀ ದಿನ ಗಾಡಿಗಳಲ್ಲಿ ಕುಲುಕಾಡಿ ದಣಿದ ಮೇಲೆ ರಾತ್ರಿ ಚಕ್ರ ಹಿಡಿಯುವುದು ಸರ್ವಥಾ ಸಲ್ಲದು. ಅಂಥವರಿಗೆ ರೈಲೇ ಶ್ರೇಯಸ್ಕರ.

ಐದನೆಯ ಹಂತ: ಉಡುಪು ಮತ್ತು ಆಹಾರ

ಸೀರೆ, ದುಪಟ್ಟಾ, ಸಡಿಲ ಚಪ್ಪಲಿ ಇವು ಈ ದಿನಗಳಿಗೆ ಯೋಗ್ಯವಲ್ಲ; ಪ್ಯಾಂಟು ಅಥವಾ ದುಪಟ್ಟಾ ಇಲ್ಲದ ಚೂಡಿದಾರ, ಹಿಮ್ಮಡಿಗೆ ಬಿಗಿಯಾಗುವ ಬೂಟು, ಜಿಪ್ಪುಳ್ಳ ಜೇಬು ಬೇಕು. ಮಾಂಗಲ್ಯದ ಸರವನ್ನು ಉಡುಪಿನೊಳಗೆ ಸೇರಿಸಿಕೊಂಡು, ಕನ್ನಡಕಕ್ಕೆ ಪಟ್ಟಿ ಕಟ್ಟಿಕೊಂಡು, ಮೊಬೈಲನ್ನು ಲಾಕರಿನಲ್ಲಿಟ್ಟು ಏರಿ. ಚೀಲವನ್ನು ಏರದವರ ಕೈಯಲ್ಲಿ ದಿನವಿಡೀ ಹೊರಿಸುವುದು ಅವರನ್ನು ಪ್ರವಾಸಕ್ಕೆ ಕರೆತಂದು ಕಾವಲಿಗೆ ನಿಲ್ಲಿಸಿದಂತೆ.

ಬೆಳಗ್ಗೆ ಹೊಟ್ಟೆ ಬಿರಿಯ ತಿಂದು ಏರುವುದೂ, ಬರಿ ಹೊಟ್ಟೆಯಲ್ಲಿ ಏರುವುದೂ ಸಮಾನ ದೋಷಗಳು. ಸಸ್ಯಾಹಾರಿಗಳು ಉಪವಾಸ ಬೀಳಬೇಕಾಗಿಲ್ಲ: ಕರಿದ ಆಲೂಗಡ್ಡೆ, ಪಾಸ್ತಾ, ಎಫ್ಟಲಿಂಗಿನಲ್ಲಿ ಪ್ಯಾನ್‌ಕೇಕು ದೊರೆಯುತ್ತವೆ, ಆದರೆ ತೆಳುರೊಟ್ಟಿಯಂಥ ಫ್ಲಾಮ್‌ಕೂಕನ್ ಎಂಬ ತಿಂಡಿಯ ಮೇಲೆ ಹಂದಿಮಾಂಸದ ಚೂರುಗಳಿರುವುದು ವಾಡಿಕೆಯಾದ್ದರಿಂದ ಕೇಳಿಯೇ ತೆಗೆದುಕೊಳ್ಳಬೇಕು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುವುದರಿಂದ ಹಣ್ಣು, ಬ್ರೆಡ್ಡು, ಮೊಸರನ್ನು ಶನಿವಾರವೇ ಕೊಂಡಿಡಿ.

ಆರನೆಯ ಹಂತ: ಉದ್ಯಾನದ ದಿನ

ದ್ವಾರ ತೆರೆಯುವ ಅರ್ಧ ಗಂಟೆ ಮೊದಲೇ ಅಲ್ಲಿರತಕ್ಕದ್ದು. ಮೊದಲ ಒಂದು ಗಂಟೆಯಲ್ಲಿ ತಂಡದಲ್ಲಿ ಅಂಜದವರೆಲ್ಲ ಒಟ್ಟಾಗಿ, ಅತ್ಯಂತ ಜನಪ್ರಿಯವಾದ ಗಾಡಿಯತ್ತ ನೇರವಾಗಿ ನಡೆಯಲಿ. ಯೂರೋಪಾ ಪಾರ್ಕಿನಲ್ಲಿ 2024ರಲ್ಲಿ ತೆರೆದ ವೋಲ್ಟ್ರಾನ್ ನೆವೆರಾ ಅಂಥದು. ಹನ್ನೊಂದು ಗಂಟೆಯ ಮೇಲೆ ಸರತಿಗಳು ಬೆಳೆಯುತ್ತಲೇ ತಂಡ ಒಡೆಯಬೇಕು. ಒಂಟಿ ಸವಾರರಿಗೆಂದು ಬೇರೆಯೇ ಸರತಿಯಿರುವ ಗಾಡಿಗಳು ಮೂರು ಉದ್ಯಾನಗಳಲ್ಲಿಯೂ ಉಂಟು; ಖಾಲಿ ಉಳಿದ ಒಂದೊಂದು ಆಸನವನ್ನು ತುಂಬುವುದಕ್ಕೆ ಈ ಸರತಿಯವರನ್ನು ಕರೆಯುವುದರಿಂದ, ಪಕ್ಕದಲ್ಲಿ ಕೂರುವವರು ಅಪರಿಚಿತರಾದರೂ ಕಾಯುವ ಹೊತ್ತು ಬಹುವಾಗಿ ಕುಗ್ಗುತ್ತದೆ. ಚಿಕ್ಕ ಮಕ್ಕಳ ತಂದೆತಾಯಿಗಳು, ಒಬ್ಬರು ಏರಿ ಇಳಿದ ಕೂಡಲೆ ಮತ್ತೊಬ್ಬರು ಪುನಃ ಸರತಿ ನಿಲ್ಲದೆ ಏರುವ ಏರ್ಪಾಡು ಇದೆಯೇ ಎಂದು ಸಿಬ್ಬಂದಿಯನ್ನು ವಿಚಾರಿಸಬೇಕು.

ಮತ್ತೆ ಸೇರುವ ಸ್ಥಳವನ್ನೂ ಕಾಲವನ್ನೂ ಬೆಳಗ್ಗೆಯೇ ಗೊತ್ತುಮಾಡಿ: ಮಧ್ಯಾಹ್ನ ಒಂದು ಗಂಟೆಗೆ ಊಟ, ನಾಲ್ಕಕ್ಕೆ ಕಾಫಿ, ಮುಚ್ಚುವ ಹೊತ್ತಿಗೆ ಮಹಾದ್ವಾರ. ಬಾರದವರಿಗಾಗಿ ಹತ್ತು ನಿಮಿಷ ಕಾದು ಮುಂದುವರಿಯುವುದೆಂಬ ಕಟ್ಟಳೆಯನ್ನು ಹಿರಿಯರಿಗೂ ಕಿರಿಯರಿಗೂ ಸಮನಾಗಿ ಅನ್ವಯಿಸಿ. ಏರದವರಿಗೂ ಅಂದಿನ ದಿನಚರಿ ಇರಲಿ: ಚಿತ್ರಕಾರ ಆಂಟನ್ ಪೀಕ್ ರೂಪಿಸಿದ ಎಫ್ಟಲಿಂಗಿನ ಕಥಾವನದಲ್ಲಿ ಅರ್ಧ ದಿನ ಕಳೆದುದು ತಿಳಿಯುವುದಿಲ್ಲ.

ಏಳನೆಯ ಹಂತ: ಏರುವ ಕ್ರಮ

ಗಾಡಿಯ ಗುಟ್ಟನ್ನು ಅರಿತವನಿಗೆ ಅರ್ಧ ಭಯ ಅಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ಸರಪಳಿಯು ಗಾಡಿಯನ್ನು ಶಿಖರಕ್ಕೆ ಎಳೆದು ಬಿಡುತ್ತದೆ. ಅಲ್ಲಿಂದಾಚೆಗೆ ಯಾವ ಯಂತ್ರವೂ ನೂಕುವುದಿಲ್ಲ, ಏರುವಾಗ ಕೂಡಿಟ್ಟ ಶಕ್ತಿಯೇ ಇಳಿಯುವಾಗ ವೇಗವಾಗಿ ಪರಿಣಮಿಸುತ್ತದೆ. ನವೀನ ಪದ್ಧತಿಯಲ್ಲಿ ವಿದ್ಯುತ್ಕಾಂತಗಳು ಸಮತಲದಲ್ಲಿಯೇ ಗಾಡಿಯನ್ನು ಚಿಮ್ಮಿಸುತ್ತವೆ. ಎರಡರಲ್ಲಿಯೂ ಗಾಲಿಗಳು ಹಳಿಯ ಮೇಲೆ, ಪಕ್ಕದಲ್ಲಿ, ಕೆಳಗೆ ಹೀಗೆ ಮೂರು ಕಡೆಯಿಂದ ಹಿಡಿದಿರುವುದರಿಂದ ಗಾಡಿ ಹಳಿಯನ್ನು ಬಿಟ್ಟೇಳಲಾರದು. ಕೆಳಗಾಲಿಯ ಈ ಉಪಾಯಕ್ಕೆ ಅಮೆರಿಕದ ಜಾನ್ ಮಿಲ್ಲರ್ 1919ರಲ್ಲಿಯೇ ಪೇಟೆಂಟು ಪಡೆದಿದ್ದನು.

ಉಳಿದರ್ಧ ಭಯವನ್ನು ಕಳೆಯಲು ಸೌಮ್ಯದಿಂದ ಉಗ್ರಕ್ಕೆ ಹೋಗುವ ಕ್ರಮವನ್ನನುಸರಿಸಿ. ಯೂರೋಪಾ ಪಾರ್ಕಿನಲ್ಲಿ ಅಂಜುವವರು ಮೊದಲ ಗಂಟೆಯ ನೂಕಿಗೆ ಸೇರದೆ, 2012ರಲ್ಲಿ ಕಟ್ಟಿದ ಮರದ ವೋಡಾನ್ ಗಾಡಿಯಿಂದ ತೊಡಗಲಿ. ಅದು ತಲೆಕೆಳಗು ಮಾಡುವುದಿಲ್ಲ. ಅನಂತರ ಎರಡೂವರೆ ಸೆಕೆಂಡಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗ ಪಡೆಯುವ ಬ್ಲೂ ಫೈರ್, ಕೊನೆಗೆ 73 ಮೀಟರ್ ಎತ್ತರದ ಸಿಲ್ವರ್ ಸ್ಟಾರ್. ಇದರ ಮುಂದಿನ ಸಾಲಿನಲ್ಲಿ ಕುಳಿತವನಿಗೆ ನೋಟ, ಹಿಂದಿನ ಸಾಲಿನವನಿಗೆ ಅನುಭವ: ಗಾಡಿಯ ಮುಂಭಾಗ ಆಗಲೇ ಇಳಿಯುತ್ತ ಹಿಂಭಾಗವನ್ನು ಶಿಖರದಾಚೆಗೆ ಸೆಳೆಯುವುದರಿಂದ ಅಲ್ಲಿ ಆಸನದಿಂದ ಮೇಲೇಳುವ ಭಾವ ಅಧಿಕ. ಅಂಜುವವರು ನಡುವೆ ಕೂರಲಿ.

ಫಾಂಟಾಸಿಯಾಲಾಂಡಿನಲ್ಲಿ ಬಂಡೆಗಳ ನಡುವೆ ಗಂಟೆಗೆ 117 ಕಿಲೋಮೀಟರ್ ವೇಗದಲ್ಲಿ ಸುತ್ತಿ ಸುಳಿಯುವ ಟಾರಾನ್, ಬೋರಲಾಗಿ ಮಲಗಿಸಿ ಹಾರಿಸುವ ಎಫ್‌ಎಲ್‌ವೈ ಇವೆರಡನ್ನು ಬೆಳಗಿನಲ್ಲಿಯೇ ಮುಗಿಸಿ. ಎಫ್ಟಲಿಂಗಿನ ಬರೋನ್ 1898 ಗಾಡಿಯು ಅಂಚಿನಲ್ಲಿ ಕ್ಷಣಕಾಲ ತೂಗಿ ನಿಂತು, 37.5 ಮೀಟರ್ ನೆಟ್ಟಗೆ ನೆಲದೊಳಗಿನ ಸುರಂಗಕ್ಕೆ ಬೀಳುತ್ತದೆ. ಅಲ್ಲಿಯ ಯೋರಿಸ್ ಎನ್ ಡೆ ದ್ರಾಕ್ ಎಂಬುದು ಎರಡು ಜೋಡಿಹಳಿಗಳ ಮೇಲೆ ಎರಡು ಗಾಡಿಗಳು ಪಂದ್ಯ ಓಡುವ ಮರದ ಕೋಸ್ಟರು. ತಂಡವನ್ನು ನಾಲ್ಕು ನಾಲ್ಕಾಗಿ ಒಡೆದು ಎದುರುಬದುರಾಗಿ ಏರುವುದಕ್ಕೆ ಇದಕ್ಕಿಂತ ತಕ್ಕ ಗಾಡಿ ಮತ್ತೊಂದಿಲ್ಲ.

ಎಂಟನೆಯ ಹಂತ: ಲೆಕ್ಕಪತ್ರ

ವಸತಿ, ವಾಹನ, ರೈಲು ಇವು ಸಾಮಾನ್ಯ ನಿಧಿಯಿಂದಲೂ, ಊಟ, ಸ್ಮರಣಿಕೆ, ಸರತಿ ತಪ್ಪಿಸುವ ವಿಶೇಷ ಟಿಕೆಟ್ಟು ಇವು ಅವರವರ ಜೇಬಿನಿಂದಲೂ ಹೋಗಲಿ. ದಿನದ ಲೆಕ್ಕವನ್ನು ಆ ರಾತ್ರಿಯೇ ಬರೆದು ಎಲ್ಲರಿಗೂ ಕಳುಹಿಸುವ ಕೆಲಸವನ್ನು ಮುಖಂಡನಲ್ಲದ ಮತ್ತೊಬ್ಬರು ವಹಿಸಿಕೊಂಡರೆ ಸ್ನೇಹಕ್ಕೆ ಧಕ್ಕೆ ಬಾರದು.

ಈ ಎಲ್ಲ ಹಂತಗಳಿಗೂ ಮೊದಲು ಮಾಡಬೇಕಾದ ಕೆಲಸ ಇಂದೇ ಆಗತಕ್ಕದ್ದು: ತಂಡದ ಪ್ರತಿಯೊಬ್ಬರೂ ತಮ್ಮ ಪಾಸ್‌ಪೋರ್ಟನ್ನು ತೆಗೆದು ಅದರ ಅವಧಿ ಎಂದಿಗೆ ಮುಗಿಯುವುದೆಂದು ನೋಡಲಿ.